ಗರಡಿಯೂ ಯುವಕ ಸಂಘವೂ

ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿವಸ ನಡೆದುಬಂದಿರುವ ವಜ್ರಮುಷ್ಟಿಯ ಕಾಳಗಕ್ಕೆ ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣ ಎಂಬ ಈ ನಾಲ್ಕು ಊರುಗಳ ಜಟ್ಟಿಗಳು ಬರುವುದು ಪದ್ಧತಿ. ತಲೆಯನ್ನು ಬೋಳಿಸಿ ಜುಟ್ಟನ್ನು ಮಾತ್ರ ಉಳಿಸಿಕೊಂಡು, ಬೆರಳುಗಳಿಗೆ ವಜ್ರಮುಷ್ಟಿಯನ್ನು ತೊಟ್ಟು, ಅರಮನೆಯ ತೊಟ್ಟಿಯಲ್ಲಿ ಹಾಸಿದ ಮಣ್ಣಿನ ಮೇಲೆ ಅವರು ಜೋಡಿಜೋಡಿಯಾಗಿ ಎದುರಾಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತವು ಕಂಡೊಡನೆ ಕಾಳಗವು ಮುಗಿಯುತ್ತದೆ. ಅದೇ ನವರಾತ್ರದ ಸುಮಾರಿಗೆ ಅದೇ ಊರಿನಲ್ಲಿ ಸರ್ಕಾರದ ದಸರಾ ಕ್ರೀಡಾಕೂಟವೂ ನಡೆಯುತ್ತದೆ. ಕನಕಪುರದ ಕಡೆಯ ಯಾವುದೋ ಒಂದು ಹಳ್ಳಿಯ ಹುಡುಗರು ಕಬಡ್ಡಿಗೆ ತಂಡ ಕಟ್ಟಿ, ತಾಲ್ಲೂಕಿನಲ್ಲಿ ಗೆದ್ದು, ಜಿಲ್ಲೆಯಲ್ಲಿ ಗೆದ್ದು, ವಿಭಾಗದಲ್ಲಿಯೂ ಗೆದ್ದರೆ ಅವರಿಗೂ ಮೈಸೂರಿನ ದಾರಿಯು ತೆರೆಯುತ್ತದೆ. ಚನ್ನಪಟ್ಟಣದ ಜಟ್ಟಿಯು ಮೈಸೂರಿಗೆ ಹೋಗುವುದು ಹುಟ್ಟಿನಿಂದ. ಕನಕಪುರದ ಹುಡುಗನು ಹೋಗುವುದು ಗೆಲುವಿನಿಂದ. ಇಬ್ಬರ ಊರುಗಳಿಗೂ ಒಂದು ದಿನದ ನಡಿಗೆಯಷ್ಟು ದೂರವಿಲ್ಲ. ಇವರಿಬ್ಬರ ದಾರಿಗಳ ನಡುವೆ ಹಳ್ಳಿಯ ಗರಡಿಯು ನಿಂತಿದೆ. ಅದು ಹೇಗೆ ಯುವಕ ಸಂಘಕ್ಕೆ ಎಡೆಗೊಟ್ಟಿತು, ಆ ಹಸ್ತಾಂತರದಲ್ಲಿ ಏನು ಬಂದಿತು ಏನು ಹೋಯಿತು ಎಂಬುದು ಪ್ರಕೃತ ಲೇಖನದ ವಿಷಯವು.

ಇಲ್ಲಿ ರಾಮನಗರದ ಸೀಮೆಯೆಂದು ನಾನು ಕರೆಯುವುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ನೆಲವನ್ನು. ಇವು ಬೆಂಗಳೂರು ಜಿಲ್ಲೆಯಲ್ಲಿದ್ದು, ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿ, ೨೦೦೭ರಲ್ಲಿ ರಾಮನಗರ ಜಿಲ್ಲೆಯೆಂದಾಗಿ, ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಹೊತ್ತವು. ಹಳೆಯ ಕಾಗದಪತ್ರಗಳನ್ನು ನೋಡುವವರು ರಾಮನಗರವನ್ನು ಕ್ಲೋಸ್‌ಪೇಟೆಯೆಂದೂ ಕನಕಪುರವನ್ನು ಕಾನಕಾನಹಳ್ಳಿಯೆಂದೂ ಹುಡುಕಬೇಕು.

ಮೊದಲು ಶಬ್ದವಿಚಾರ. ಗರಡಿ ಅಥವಾ ಗರುಡಿ ಎಂಬ ಮಾತು ಸಂಸ್ಕೃತದ ಖಲೂರಿಕಾ ಶಬ್ದದ ತದ್ಭವವೆಂದು ಪಾಠಶಾಲೆಯಲ್ಲಿ ನನಗೆ ಹೇಳಿಕೊಟ್ಟಿದ್ದರು. ಖಲೂರಿಕೆಯೆಂದರೆ ಆಯುಧಾಭ್ಯಾಸದ ಭೂಮಿ. ಅರ್ಥವು ಕೂಡಿಬರುತ್ತದೆ, ಖಕಾರವು ಗಕಾರವಾಗುವುದೂ ಲಕಾರವು ರಕಾರವಾಗುವುದೂ ಅಪೂರ್ವವೇನಲ್ಲ. ಬಹುಕಾಲ ನಾನೂ ಇದನ್ನೇ ಹೇಳಿಕೊಂಡು ಬಂದೆನು. ಆದರೆ ತೆಲುಗಿನಲ್ಲಿ ಗರಿಡಿಯಿದೆ, ತುಳುವಿನಲ್ಲಿ ಗರಡಿಯಿದೆ. ತುಳುನಾಡಿನಲ್ಲಿಯಂತೂ ಕೋಟಿಚೆನ್ನಯರ ಗರಡಿಗಳು ಪೂಜಾಸ್ಥಾನಗಳೇ ಆಗಿವೆ. ಖಲೂರಿಕೆಯಾದರೋ ಸಂಸ್ಕೃತದಲ್ಲಿ ಕೋಶಗಳ ಹೊರಗೆ ವಿರಳವಾದ ಮಾತು. ದಕ್ಷಿಣದ ಶಬ್ದವೇ ಸಂಸ್ಕೃತದ ವೇಷವನ್ನು ಧರಿಸಿ ಕೋಶವನ್ನು ಹೊಕ್ಕಿರಬಹುದೆಂಬ ಪಕ್ಷವನ್ನು ಈಗ ನಾನು ತಳ್ಳಿಹಾಕಲಾರೆನು. ಸಾಮು ಎಂಬುದರ ವಿಷಯದಲ್ಲಿ ಇಷ್ಟು ಸಂದೇಹವಿಲ್ಲ. ಅದು ಶ್ರಮ ಶಬ್ದದ ತದ್ಭವ. ಸಂಸ್ಕೃತದಲ್ಲಿಯೂ ಶ್ರಮವೆಂದರೆ ಬರಿಯ ಆಯಾಸವಲ್ಲ, ಆಯುಧಾಭ್ಯಾಸವೂ ಹೌದು. ಜಟ್ಟಿಯೆಂಬ ಮಾತಿಗೆ ಮೂಲವು ಜ್ಯೇಷ್ಠೀ ಎಂಬುದು. ಗುಜರಾತಿನ ಮೋಢೇರದ ಜ್ಯೇಷ್ಠೀಮಲ್ಲರು ತಮ್ಮ ಕುಲವೃತ್ತಿಯನ್ನು ಮಲ್ಲಪುರಾಣವೆಂಬ ಸಂಸ್ಕೃತ ಗ್ರಂಥದಲ್ಲಿ ಹೇಳಿಸಿಕೊಂಡಿದ್ದಾರೆ. ಆ ಗ್ರಂಥವು ೧೯೬೪ರಲ್ಲಿ ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾಯಿತು.

ಇನ್ನು ಸಂಘ. ಪಾಣಿನಿಯು ಸಂಘಗಳನ್ನು ಹೇಳುವಾಗ ಆಯುಧಜೀವಿಸಂಘಗಳೆಂಬ ಒಂದು ಬಗೆಯನ್ನು ಬೇರೆಯಾಗಿ ಎಣಿಸಿದ್ದಾನೆ. ಆಯುಧದಿಂದ ಬದುಕುವವರ ಕೂಟವದು. ಈ ವಿಶೇಷಣವನ್ನು ಗಮನಿಸಬೇಕು. ಜಟ್ಟಿಗಳು ಸಂಘವಾಗಿದ್ದುದು ವೃತ್ತಿಯಿಂದ. ಇಂದಿನ ಯುವಕ ಸಂಘವು ವೃತ್ತಿಯನ್ನೂ ಕುಲವನ್ನೂ ಕೇಳದೆ ವಯಸ್ಸನ್ನು ಮಾತ್ರ ಕೇಳುವ ಕೂಟ. ಎರಡಕ್ಕೂ ಸಂಘವೆಂಬ ಮಾತು ಸಲ್ಲುತ್ತದೆಯಾದರೂ ಇವೆರಡರ ನಡುವೆ ಇರುವ ಅಂತರವೇ ನಮ್ಮ ಕಥೆ.

ಅರಸರ ಆಸ್ಥಾನದ ಮಲ್ಲರ ವಿಷಯದಲ್ಲಿ ಆಧಾರಗಳು ಸಮೃದ್ಧವಾಗಿವೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದ ವಿನೋದವಿಂಶತಿಯಲ್ಲಿ ಮಲ್ಲವಿನೋದವೆಂಬ ಅಧ್ಯಾಯವಿದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಅವರವರ ಯೋಗ್ಯತೆಯಂತೆ ವಿಂಗಡಿಸಿ, ಅವರ ವ್ಯಾಯಾಮವನ್ನೂ ಆಹಾರವನ್ನೂ ಅಲ್ಲಿ ವಿಧಿಸಲಾಗಿದೆ. ಬೇಳೆ, ಮಾಂಸ, ಹಾಲು, ಸಕ್ಕರೆಗಳನ್ನು ಅರಸನೇ ಒದಗಿಸಬೇಕು. ವಿಜಯನಗರದ ಮಹಾನವಮಿಯನ್ನು ವರ್ಣಿಸಿದ ಪೋರ್ತುಗೀಸರಲ್ಲಿ ನೂನಿಜನೆಂಬುವನು ೧೫೩೫ರ ಸುಮಾರಿನಲ್ಲಿ ಬರೆದುದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅರಸನ ಬಳಿಯಲ್ಲಿ ಸಾವಿರ ಮಂದಿ ಮಲ್ಲರು, ಅವರಿಗೊಬ್ಬ ನಾಯಕ. ಅವರಿಗೆ ರಾಜ್ಯದಲ್ಲಿ ಬೇರೆ ಯಾವ ಕೆಲಸವೂ ಇಲ್ಲ. ಮೊನೆಗಳುಳ್ಳ ಬಳೆಯಂಥ ಸಾಧನಗಳನ್ನು ಕೈಗಳಲ್ಲಿ ಹಿಡಿದು ಒಬ್ಬರನ್ನೊಬ್ಬರು ಗಾಯಪಡಿಸುವರು ಎಂದು ಆತನು ಹೇಳುತ್ತಾನೆ. ಇದು ವಜ್ರಮುಷ್ಟಿಯ ಕಾಳಗವಲ್ಲದೆ ಮತ್ತೊಂದಲ್ಲ. ಅಲ್ಲಿಯೇ ಆತನು ಸೇರಿಸಿರುವ ಇನ್ನೊಂದು ಸಂಗತಿಯನ್ನು ಈವರೆಗೆ ಯಾರೂ ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ: ಹೆಚ್ಚಾಗಿ ಗಾಯಗೊಂಡವನೇ ಮುಂದೆ ಹೋಗಿ ರೇಷ್ಮೆಯ ಬಟ್ಟೆಯ ಬಹುಮಾನವನ್ನು ತೆಗೆದುಕೊಳ್ಳುವನಂತೆ. ಪರದೇಶಿಯ ಕಣ್ಣಿಗೆ ಇದು ವಿಚಿತ್ರವಾಗಿ ಕಂಡಿರಬೇಕು, ಆದ್ದರಿಂದಲೇ ಬರೆದಿಟ್ಟನು. ಸೋತವನಿಗೆ ಬಹುಮಾನ! ಈ ಮಾತಿಗೆ ಮುಂದೆ ಮತ್ತೊಮ್ಮೆ ಬರುವೆನು.

ಮೈಸೂರಿನಲ್ಲಿ ಈ ಪರಂಪರೆಗೆ ಅರಸನೇ ಮಲ್ಲನಾಗಿ ಕೀರ್ತಿ ತಂದನು. ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ವೇಷಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ ಅಲ್ಲಿಯ ಪ್ರಖ್ಯಾತ ಮಲ್ಲನನ್ನು ಸೋಲಿಸಿದ ಕಥೆಯು ಸರ್ವರಿಗೂ ತಿಳಿದದ್ದೇ. ಗೋವಿಂದವೈದ್ಯನು ೧೬೪೮ರಲ್ಲಿ ಸಾಂಗತ್ಯದಲ್ಲಿ ರಚಿಸಿದ ಕಂಠೀರವ ನರಸರಾಜ ವಿಜಯವು ಆ ಕಾಲದ ಶ್ರೀರಂಗಪಟ್ಟಣದ ಮಹಾನವಮಿಗೆ ಒಳ್ಳೆಯ ಸಾಕ್ಷಿ. ಇಂದಿಗೂ ಮೈಸೂರಿನ ದಸರಾ ನಾಡಕುಸ್ತಿಯಲ್ಲಿ ಗೆದ್ದವನಿಗೆ ಸಲ್ಲುವ ಬಿರುದುಗಳಲ್ಲಿ ಒಂದು ದಸರಾ ಕಂಠೀರವ ಎಂಬುದು.

ಹೀಗೆ ಆಸ್ಥಾನದ ಚರಿತ್ರೆಯು ಸ್ಪಷ್ಟವಾಗಿದೆ. ಹಳ್ಳಿಯ ಗರಡಿಗೆ ಇಂಥ ಗ್ರಂಥಗಳಿಲ್ಲ. ನಮ್ಮ ಸೀಮೆಯ ರಾಜಕೀಯ ಚರಿತ್ರೆಯಿಂದ ಅದನ್ನು ಊಹಿಸಬೇಕಾಗಿದೆ. ಚನ್ನಪಟ್ಟಣವು ಜಗದೇವರಾಯನ ರಾಜಧಾನಿಯಾಗಿದ್ದು ೧೬೩೦ರಲ್ಲಿ ಮೈಸೂರಿಗೆ ಸೇರಿತು. ೧೬೩೮ರಲ್ಲಿ ಬೆಂಗಳೂರು ಬಿಜಾಪುರದವರ ವಶವಾದ ಮೇಲೆ ಕೆಂಪೇಗೌಡನ ವಂಶದವರು ಮಾಗಡಿಯಲ್ಲಿ ನೆಲೆಸಿ, ಸಾವನದುರ್ಗವನ್ನು ಬೆನ್ನಿಗಿಟ್ಟುಕೊಂಡು, ೧೭೨೮ರವರೆಗೆ ಆಳಿದರು. ಆ ದುರ್ಗವು ೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಬಿದ್ದಿತು. ಪಾಳೆಯಗಾರನ ಕೋಟೆಗೆ ತೋಳ್ಬಲದ ಆಳುಗಳು ಬೇಕು. ಆಳುಗಳಿಗೆ ಸಾಮು ಬೇಕು. ೧೭೯೯ರ ತರುವಾಯ ಕೋಟೆಗಳು ಬರಿದಾದವು, ಸಾಮು ಮಾತ್ರ ಉಳಿಯಿತು. ಯುದ್ಧದ ಪ್ರಯೋಜನವು ಹೋದ ಮೇಲೆ ಅದು ಜಾತ್ರೆಗೂ ಹಬ್ಬಕ್ಕೂ ಸೇರಿಕೊಂಡಿತೆಂಬುದು ನನ್ನ ಊಹೆ. ಬಲ್ಲವರು ಬೇರೆ ಆಧಾರವನ್ನು ತೋರಿಸಿದರೆ ಇದನ್ನು ಬಿಡಲು ಸಿದ್ಧನಾಗಿದ್ದೇನೆ.

ಗರಡಿಯ ಮನೆಯನ್ನು ನೋಡಿದವರು ಈಗ ಕಡಮೆ. ತಲೆಬಗ್ಗಿಸಿ ಹೋಗಬೇಕಾದ ಚಿಕ್ಕ ಬಾಗಿಲು, ಬೆಳಕು ಅಷ್ಟಕ್ಕಷ್ಟೆ. ಒಳಗೆ ಜರಡಿ ಹಿಡಿದ ಕೆಂಪುಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆಗಳು, ಕಲ್ಲುಗುಂಡುಗಳು, ಗೋಡೆಯಲ್ಲಿ ಹನುಮಂತನ ಪಟ. ಮಟ್ಟಿಗೆ ಅರಿಸಿನ ಕುಂಕುಮಗಳನ್ನೂ ಎಣ್ಣೆ ತುಪ್ಪಗಳನ್ನೂ ಬೆರೆಸಿ ಪೂಜೆ ಮಾಡುವರು. ಉಸ್ತಾದನ ಮಾತೇ ಅಲ್ಲಿ ಶಾಸ್ತ್ರ. ದಂಡೆ ಬಸ್ಕಿಗಳನ್ನು ಎಣಿಸಿ ಮುಗಿಸಿದವನಿಗೆ ಮಾತ್ರ ಪಟ್ಟುಗಳ ಪಾಠ. ಗುರುವು ಎದುರು ನಿಂತು, ಮೈಯಿಂದ ಮೈಗೆ ಕಲಿಸುವ ವಿದ್ಯೆಯದು; ನಮ್ಮ ವೇದಪಾಠದಲ್ಲಿ ಬಾಯಿಂದ ಬಾಯಿಗೆ ಹೇಗೋ ಹಾಗೆ. ಉಸ್ತಾದನೆಂಬ ಮಾತು ಪಾರಸಿ, ದೇವರು ಹನುಮಂತ, ಶಿಷ್ಯನ ಹೆಸರು ಪೈಲ್ವಾನ. ಈ ಮಿಶ್ರಣವನ್ನು ಕಂಡು ಮೂಗು ಮುರಿಯುವ ಶುದ್ಧಿವಾದಿಗಳು ಒಮ್ಮೆ ಮಟ್ಟಿಗೆ ಇಳಿದು ನೋಡಬೇಕು.

ಗರಡಿಯ ಸ್ಪರ್ಧೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕ್ರಿಯೆಯು ಕುಸ್ತಿಯಲ್ಲ, ಅದಕ್ಕೆ ಮೊದಲು ನಡೆಯುವ ಜೋಡಿ ಕಟ್ಟುವಿಕೆ. ತಕ್ಕಡಿಯಿಲ್ಲದ ಕಾಲದಲ್ಲಿ ಹಿರಿಯ ಉಸ್ತಾದರು ಕುಳಿತು, ಹುಡುಗರನ್ನು ಅಕ್ಕಪಕ್ಕ ನಿಲ್ಲಿಸಿ, ಭುಜವನ್ನು ಮುಟ್ಟಿ, ವಯಸ್ಸನ್ನೂ ಸಾಮಿನ ವರ್ಷಗಳನ್ನೂ ಕೇಳಿ, ಸಮನಿಗೆ ಸಮನನ್ನು ಗೊತ್ತುಮಾಡುವರು. ಒಪ್ಪಿದರೆ ಕೈಕುಲುಕುವುದು, ಒಪ್ಪದಿದ್ದರೆ ಜೋಡಿ ಮುರಿಯಿತು. ಮೈಸೂರಿನ ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಈ ಕ್ರಮವು ಈಗಲೂ ಉಂಟು. ಯಾರಿಗೆ ಯಾರು ಎಂಬುದನ್ನು ಚೀಟಿಯೆತ್ತಿ ಅದೃಷ್ಟಕ್ಕೆ ಬಿಡದೆ ಪರೀಕ್ಷೆಯಿಂದ ನಿರ್ಣಯಿಸುವ ಈ ಪದ್ಧತಿಯಲ್ಲಿ ದೊಡ್ಡದೊಂದು ವಿವೇಕವಿದೆ. ಇಂದಿನ ಪಂದ್ಯಾವಳಿಗಳಲ್ಲಿ ಚೀಟಿಯೆತ್ತುವುದರಿಂದ, ಆರು ತಿಂಗಳು ಅಭ್ಯಾಸ ಮಾಡಿದ ಹಳ್ಳಿಯ ತಂಡಕ್ಕೆ ಮೊದಲನೆಯ ಪಂದ್ಯದಲ್ಲಿಯೇ ಕಳೆದ ವರ್ಷ ಗೆದ್ದವರು ಎದುರಾಗಿ, ಹತ್ತು ಗಂಟೆಗೆ ಬಂದವರು ಹನ್ನೊಂದು ಗಂಟೆಗೆ ಬಸ್ಸು ಹತ್ತುವುದನ್ನು ನಾನೇ ನೋಡಿದ್ದೇನೆ.

ಆದರೆ ಗರಡಿಯನ್ನು ಹೊಗಳುತ್ತ ಹೋಗುವುದು ಸತ್ಯಕ್ಕೆ ಅಪಚಾರವಾದೀತು. ಗರಡಿಯು ಕೇರಿಯದು. ಒಂದು ಕೇರಿಯ ಗರಡಿಗೆ ಇನ್ನೊಂದು ಕೇರಿಯ ಹುಡುಗನು ಸುಲಭವಾಗಿ ಸೇರಲಾರನು. ಕೆಲವು ಕೇರಿಗಳವರಿಗೆ ಆ ಚಿಕ್ಕ ಬಾಗಿಲು ಇರಲೇ ಇಲ್ಲವೆನ್ನಬೇಕು. ಹೆಂಗಸರ ಮಾತನ್ನಂತೂ ಆಡುವಂತಿರಲಿಲ್ಲ. ನಾನು ವಟುವಾಗಿದ್ದಾಗ ಪಾಠ ಮುಗಿಸಿ ಬರುವ ದಾರಿಯಲ್ಲಿ ಗರಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದುದುಂಟು. ಒಳಗೆ ಬಾರೆಂದು ಉಸ್ತಾದರು ಒಮ್ಮೆ ಕರೆದರು. ಮನೆಯಲ್ಲಿ ತಿಳಿದು ಬೈಗುಳವಾಯಿತು. ನನ್ನೊಡನೆ ನಿಂತು ನೋಡುತ್ತಿದ್ದ ಇನ್ನೊಬ್ಬ ಹುಡುಗನನ್ನು ಯಾರೂ ಕರೆಯಲಿಲ್ಲ. ನನ್ನನ್ನು ತಡೆದದ್ದು ನನ್ನ ಮನೆ, ಅವನನ್ನು ತಡೆದದ್ದು ಊರು. ಈ ಎರಡನ್ನೂ ಒಂದೆಂದು ಹೇಳುವಷ್ಟು ಅವಿವೇಕವು ನನಗಿಲ್ಲ.

ಯುವಕ ಸಂಘದ ಮುಖ್ಯವಾದ ನವೀನತೆಯು ಇಲ್ಲಿಯೇ ಇದೆ. ವ್ಯಾಯಾಮವನ್ನು ಕುಲವೃತ್ತಿಯಿಂದಲೂ ಕೇರಿಯಿಂದಲೂ ಬಿಡಿಸುವ ಕೆಲಸವು ಪಟ್ಟಣಗಳಲ್ಲಿ ಮೊದಲಾಯಿತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರನ್ನು ಸಾಹಿತ್ಯದ ಅಧ್ಯಾಪಕರು ಶಾಂತಲಾ, ರೂಪದರ್ಶಿ ಕಾದಂಬರಿಗಳ ಕರ್ತೃವೆಂದೇ ಬಲ್ಲರು. ಅವರು ದೇಹದಾರ್ಢ್ಯದ ಆಚಾರ್ಯರೂ ಆಗಿದ್ದರೆಂಬುದನ್ನು ಮರೆಯಬಾರದು. ಹಳ್ಳಿಗಳಿಗೆ ಈ ಭಾವನೆಯು ಬಂದುದು ೧೯೫೨ನೆಯ ಅಕ್ಟೋಬರ್ ೨ರಂದು ಪ್ರಾರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ. ಗ್ರಾಮಸೇವಕನು ಗೊಬ್ಬರದ ಗುಂಡಿ, ಸುಧಾರಿಸಿದ ಬೀಜಗಳೊಡನೆ ಯುವಕ ಸಂಘವನ್ನೂ ಹಳ್ಳಿಗೆ ತಂದನು. ಕರ್ನಾಟಕದ ಸಂಘಗಳ ನೋಂದಣಿ ಕಾಯಿದೆಯು ೧೯೬೦ರದು. ಅದರಂತೆ ಒಂದು ಸಂಘಕ್ಕೆ ಏಳು ಮಂದಿ ಸಾಕು. ಕಬಡ್ಡಿಯ ತಂಡಕ್ಕೂ ಏಳೇ ಮಂದಿ ಎಂಬುದು ಆಕಸ್ಮಿಕವಾದರೂ, ಕೆಲವು ಹಳ್ಳಿಗಳಲ್ಲಿ ಆ ಏಳು ಮಂದಿಯೇ ಈ ಏಳು ಮಂದಿಯಾಗಿರುವುದು ಆಕಸ್ಮಿಕವಲ್ಲ. ೧೯೭೨ರಲ್ಲಿ ನೆಹರೂ ಯುವ ಕೇಂದ್ರಗಳು ಸ್ಥಾಪಿತವಾಗಿ, ಸಂಘಗಳಿಗೆ ಆಟದ ಸಾಮಾನುಗಳೂ ಅವುಗಳ ನಡುವೆ ಸ್ಪರ್ಧೆಗಳೂ ಏರ್ಪಟ್ಟವು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ನಡವಳಿ ಪುಸ್ತಕ, ರಬ್ಬರು ಮೊಹರು: ಉಸ್ತಾದನ ಸ್ಥಾನಕ್ಕೆ ಇವೆಲ್ಲ ಬಂದವು. ಮೊಹರನ್ನು ನೋಡಿ ನಗುವವರುಂಟು. ಗರಡಿಯ ಬಾಗಿಲಲ್ಲಿ ನಿಂತಿದ್ದ ಹುಡುಗನ ಹೆಸರು ಸದಸ್ಯರ ಪಟ್ಟಿಯಲ್ಲಿ ಬರೆಯಲ್ಪಟ್ಟುದು ಆ ಮೊಹರಿನ ಕೆಳಗೇ ಎಂಬುದನ್ನು ಅವರು ನೆನೆಯಬೇಕು. ಕಾಗದದಲ್ಲಿ ಬರೆದುದೆಲ್ಲ ಕೇರಿಯಲ್ಲಿ ನಡೆಯಿತೆಂದು ನಾನು ಹೇಳುವುದಿಲ್ಲ. ಆದರೆ ನಿಯಮವು ಅವನ ಪಕ್ಷಕ್ಕೆ ಬಂದುದು ಅದೇ ಮೊದಲು.

ಸಂಘದೊಡನೆ ತಂಡವೂ ಬಂದಿತು. ಗರಡಿಯಲ್ಲಿ ಒಬ್ಬನು ಒಬ್ಬನೊಡನೆ. ಸಂಘದಲ್ಲಿ ಊರು ಊರಿನೊಡನೆ. ವಾಲಿಬಾಲು, ಖೋಖೋ, ಹಗ್ಗಜಗ್ಗಾಟಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕಬಡ್ಡಿಯ ವಿಷಯವನ್ನು ಮಾತ್ರ ಹೇಳಬೇಕು. ೧೯೩೬ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಕ್ರೀಡೆಗಳ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಇದನ್ನು ಆಡಿ ತೋರಿಸಿದರು. ಅಖಿಲ ಭಾರತ ಸಂಸ್ಥೆಯು ೧೯೫೦ರಲ್ಲಿ ಹುಟ್ಟಿತು. ೧೯೯೦ರಲ್ಲಿ ಬೀಜಿಂಗಿನ ಏಷ್ಯಾ ಕ್ರೀಡೆಗಳಲ್ಲಿ ಪಂದ್ಯವಾಯಿತು. ನಿಯಮಗಳು ಒಂದಾಗುವುದಕ್ಕೆ ಮೊದಲು ಈ ಆಟಕ್ಕೆ ಮೂರು ಪ್ರಸ್ಥಾನಗಳಿದ್ದವು. ಅವುಗಳ ಹೆಸರು ಸಂಜೀವನಿ, ಗಾಮಿನಿ, ಅಮರ. ಸಂಜೀವನಿಯಲ್ಲಿ ಎದುರು ಪಕ್ಷದವನೊಬ್ಬನು ಸತ್ತರೆ ನಮ್ಮ ಪಕ್ಷದಲ್ಲಿ ಸತ್ತವನೊಬ್ಬನು ಎದ್ದು ಬರುತ್ತಾನೆ. ಗಾಮಿನಿಯಲ್ಲಿ ಹೋದವನು ಹೋದನೇ. ಒಂದು ಪಕ್ಷವು ಪೂರ್ಣವಾಗಿ ಮುಗಿಯುವವರೆಗೆ ಹಿಂದಿರುಗಲಾರನು. ಅಮರದಲ್ಲಿ ಯಾರೂ ಹೊರಗೆ ಹೋಗುವುದಿಲ್ಲ, ಅಂಕವನ್ನು ಮಾತ್ರ ಎಣಿಸುತ್ತಾರೆ. ಈ ಹೆಸರುಗಳನ್ನಿಟ್ಟವನು ಯಾವನಾದರೂ ಸರಿ, ಅವನಿಗೆ ನನ್ನ ನಮಸ್ಕಾರ. ಸೋತವನನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಸಂಭವಿಸಬಹುದಾದ ಮೂರು ಉತ್ತರಗಳೂ ಇಲ್ಲಿವೆ. ಇಂದಿನ ಕಬಡ್ಡಿಯು ಅಂಗಣದೊಳಗೆ ಸಂಜೀವನಿಯ ನಿಯಮವನ್ನು ಅಂಗೀಕರಿಸಿದೆ. ಅಂಗಣದ ಹೊರಗೆ, ಪಂದ್ಯಾವಳಿಯ ಏರ್ಪಾಟಿನಲ್ಲಿ ಮಾತ್ರ ಗಾಮಿನಿಯೇ ನಡೆಯುತ್ತಿದೆ: ಸೋತ ಊರು ಮುಂದಿನ ವರ್ಷದವರೆಗೆ ಹೋದಂತೆಯೇ. ನೂನಿಜನು ಕಂಡ, ಗಾಯಗೊಂಡು ರೇಷ್ಮೆ ಪಡೆದ ಮಲ್ಲನು ನನಗೆ ನೆನಪಿಗೆ ಬರುವುದು ಇಲ್ಲಿ.

ನ್ಯಾಯಶಾಸ್ತ್ರದಲ್ಲಿ ಗೌತಮನು ಕಥೆಯನ್ನು ವಾದ, ಜಲ್ಪ, ವಿತಂಡೆಯೆಂದು ವಿಭಾಗಿಸಿರುವುದು ಪ್ರಸಿದ್ಧವಾಗಿದೆ. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ವಾದದಲ್ಲಿ ಎದುರಾಳಿಯು ಬೇಕಾದವನು, ಜಲ್ಪದಲ್ಲಿ ಅಡ್ಡಬಂದವನು. ಉಸ್ತಾದರು ಕಟ್ಟಿದ ಜೋಡಿಯು ವಾದದ ಕಡೆಗೆ ಸೇರಿದುದು. ಸಮನಾದ ಎದುರಾಳಿಯಿಲ್ಲದೆ ತನ್ನ ಬಲವು ತನಗೇ ತಿಳಿಯದು. ಕಪ್ಪಿಗಾಗಿ ಹೊರ ಊರಿನ ಆಟಗಾರನನ್ನು ಕರೆತಂದು ತಮ್ಮವನೆಂದು ಬರೆಯಿಸುವ ತಂಡದ ಆಟವು ಏನೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಸಂಘಗಳ ಸ್ಪರ್ಧೆಯು ಆಟಕ್ಕೆ ಮಾತ್ರ ನಿಲ್ಲಲಿಲ್ಲ. ರಾಜ್ಯದ ಇಲಾಖೆಯವರು ನಡೆಸುವ ಯುವಜನ ಮೇಳದಲ್ಲಿ ಹಾಡು ಕುಣಿತಗಳೂ ಸ್ಪರ್ಧೆಗಳಾದವು: ಕೋಲಾಟ, ವೀರಗಾಸೆ, ಡೊಳ್ಳುಕುಣಿತ, ಭಜನೆ, ಲಾವಣಿ, ಸೋಬಾನೆ, ರಾಗಿ ಬೀಸುವ ಪದ. ಸಾಹಿತ್ಯದವರಾದ ನಮಗೆ ಈ ಭಾಗವು ಹತ್ತಿರವಾದುದು. ಯುವತಿ ಮಂಡಲಿಗಳಿಗೆ ವೇದಿಕೆಯು ದೊರೆತುದೂ ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ಇಂಥ ಒಂದು ಮೇಳದಲ್ಲಿ ನಾನು ತೀರ್ಪು ಹೇಳಲು ಕುಳಿತಿದ್ದೆನು. ರಾಗಿ ಬೀಸುವ ಪದಕ್ಕೆ ಎರಡು ತಂಡಗಳು ಮಿಕ್ಕವರಿಗಿಂತ ಮೇಲಾಗಿದ್ದವು. ಒಂದು ತಂಡದವರು ಸೀರೆ ಸೆರಗುಗಳನ್ನು ಒಂದೇ ಬಗೆಯಾಗಿ ಉಟ್ಟು, ಶ್ರುತಿ ಬಿಡದೆ, ಗೊತ್ತಾದ ನಿಮಿಷಗಳಲ್ಲಿ ಮುಗಿಸಿದರು. ಅವರ ಮುಂದಿದ್ದ ಬೀಸುಕಲ್ಲು ತಿರುಗಲಿಲ್ಲ. ಇನ್ನೊಂದು ತಂಡದವರು ನಿಜವಾಗಿ ರಾಗಿ ಹಾಕಿ ಬೀಸಿದರು. ಕಲ್ಲು ಭಾರವಾದಲ್ಲಿ ಅವರ ಹಾಡು ತಡೆಯಿತು, ಹಗುರವಾದಲ್ಲಿ ಓಡಿತು. ಸಮಯವು ಮೀರಿತು, ಗಂಟೆ ಬಾರಿಸಲಾಯಿತು. ನಾನು ಮೊದಲನೆಯವರಿಗೆ ಪ್ರಥಮ ಸ್ಥಾನವನ್ನು ಕೊಟ್ಟೆನು. ನಿಯಮದ ಪ್ರಕಾರ ಅದು ಸರಿಯೇ. ಮನೆಗೆ ಬಂದ ಮೇಲೆ, ತ್ರಿಪದಿಯ ಲಯಕ್ಕೆ ಬೀಸುವ ಕೈಯ ಗತಿಯು ಕಾರಣವೆಂದು ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಹೇಳಿಕೊಂಡು ಬಂದ ನಾನು, ಆ ಗತಿಯು ಕಣ್ಣೆದುರಿಗೇ ಬಂದಾಗ ಅಂಕವನ್ನು ಕಳೆದೆನೆಂಬುದು ಹೊಳೆಯಿತು. ಆ ಹೆಣ್ಣುಮಕ್ಕಳು ಬೀಸಿದ ಹಿಟ್ಟನ್ನು ಗಂಟುಕಟ್ಟಿಕೊಂಡು ಹೋದರು. ಅವರ ಊರಿನ ಹೆಸರನ್ನೂ ನಾನು ಗುರುತು ಹಾಕಿಕೊಂಡಿರಲಿಲ್ಲ.

ಈ ತಾಲ್ಲೂಕುಗಳ ಶಾಸನಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ೧೯೦೫ರಲ್ಲಿಯೇ ಅಚ್ಚು ಹಾಕಿಸಿದರು. ಕಲ್ಲು ಕಾದಿತ್ತು, ಕಾಗದವು ಕಾಯುವುದಿಲ್ಲ. ೧೯೫೨ರಿಂದೀಚೆಗೆ ಹುಟ್ಟಿ ಮುಗಿದ ಯುವಕ ಸಂಘಗಳ ನಡವಳಿ ಪುಸ್ತಕಗಳು ಹಳೆಯ ಕಾರ್ಯದರ್ಶಿಗಳ ಮನೆಯ ಟ್ರಂಕುಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಈ ಸೀಮೆಯಲ್ಲಿರುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಕಳುಹಿಸಿ ಅವುಗಳನ್ನು ನಕಲು ಮಾಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಎಚ್. ಎಲ್. ನಾಗೇಗೌಡರು ೧೯೯೪ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕವು ಹತ್ತಿರದಲ್ಲಿಯೇ ಇದೆ. ಪ್ರತಿಗಳನ್ನು ಇಡಲು ಸ್ಥಳಕ್ಕೆ ಕೊರತೆಯಾಗದು. ನಕಲು ಮಾಡುವವರು ಸದಸ್ಯರ ಪಟ್ಟಿಯಲ್ಲಿ ಯಾವ ಯಾವ ಕೇರಿಯ ಹೆಸರುಗಳು ಯಾವ ವರ್ಷದಿಂದ ಕಾಣತೊಡಗಿದವು ಎಂಬುದನ್ನು ಗುರುತಿಸಲಿ. ಜೀವಿಸಿರುವ ಉಸ್ತಾದರಿದ್ದರೆ ಪಟ್ಟುಗಳ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಪಂದ್ಯಗಳ ವಿವರವು ಬಂದಲ್ಲಿ ಗೆದ್ದ ತಂಡದ ಹೆಸರಿನೊಡನೆ ಸೋತ ತಂಡದ ಹೆಸರನ್ನೂ ಬಿಡದೆ ಎತ್ತಿಕೊಳ್ಳಲಿ.